ಪಾರ್ಶ್ವವಾಯುವೂ ಪ್ರಾಣವಾಯುವೂ

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಗಳಿಂದ ಹೆಸರಾದ ಊರು. ಗಿಡ್ಡ ಕಾಲಿನ, ತುಂಬು ಮೈಯ ಆ ಕುರಿಯ ಕೊಬ್ಬು ತಣ್ಣಗಾದೊಡನೆ ಗಟ್ಟಿಯಾಗುತ್ತದೆ. ನೆರೆಯ ತಾಲ್ಲೂಕಾದ ಮದ್ದೂರಿನ ವಡೆಯನ್ನು ಕರಿದ ಎಣ್ಣೆಯಾದರೋ ದ್ರವವಾಗಿಯೇ ಉಳಿಯುತ್ತದೆ. ತೆರೆದಿಟ್ಟರೆ ಬೇಗನೆ ಕಮಟು ಹಿಡಿಯುತ್ತದೆ. ಎಣ್ಣೆಯ ಅಣುಗಳಲ್ಲಿ ದ್ವಿಬಂಧಗಳು ಹೆಚ್ಚು. ಗಾಳಿಯ ಆಮ್ಲಜನಕಕ್ಕೆ ಎಡೆ ದೊರೆಯುವುದು ಅವುಗಳ ಪಕ್ಕದಲ್ಲಿಯೇ. ಮಿದುಳಿನ ಜೀವಕೋಶಗಳ ಪೊರೆಯಲ್ಲಿ ಎಣ್ಣೆಗಿಂತಲೂ ಹೆಚ್ಚು ದ್ವಿಬಂಧಗಳುಳ್ಳ ಕೊಬ್ಬು ಹೇರಳವಾಗಿದೆ. ಲಕ್ವ ಹೊಡೆದಾಗ ಒಳಗೆ ನಡೆಯುವುದನ್ನು ತಿಳಿಯಲು ನಾವು ಇಲ್ಲಿಂದಲೇ ತೊಡಗಬೇಕು.

ದೇಹದ ತೂಕದಲ್ಲಿ ಶೇಕಡ 2ರಷ್ಟೇ ಇರುವ ಮಿದುಳು, ನಾವು ಸುಮ್ಮನೆ ಕುಳಿತಿದ್ದಾಗ ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ರಕ್ತದ ಹೆಪ್ಪೊಂದು ಅದರ ನಾಳವನ್ನು ಮುಚ್ಚಿದರೆ ನಡುವಣ ಭಾಗದ ಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಸುತ್ತಲಿನ ಭಾಗವಾದರೋ ನೆರೆಯ ನಾಳಗಳಿಂದ ಅಷ್ಟಿಷ್ಟು ರಕ್ತವನ್ನು ಪಡೆದು, ಕೆಲಸ ನಿಲ್ಲಿಸಿದರೂ ಜೀವ ಹಿಡಿದಿರುತ್ತದೆ. ಗ್ರಹಣದ ಮಾತನ್ನು ಎರವಲು ಪಡೆದು ಇದನ್ನು ‘ಅರೆನೆರಳು’ ಎನ್ನಬಹುದು. ಉಳಿಸಿಕೊಳ್ಳಬಹುದಾದುದು ಇದನ್ನೇ.

ಹೆಪ್ಪು ಕರಗಿ ರಕ್ತವು ಮರಳಿದರೆ ಆಪತ್ತು ಕಳೆಯಿತೆನ್ನುವಂತಿಲ್ಲ. ಉಸಿರುಕಟ್ಟಿದ್ದ ಕೋಶದಲ್ಲಿ ಸಕ್ಸಿನೇಟ್ ಎಂಬ ಪದಾರ್ಥವು ಕೂಡಿಬಿದ್ದಿರುತ್ತದೆ. ಆಮ್ಲಜನಕವು ಬಂದೊಡನೆ ಮೈಟೊಕಾಂಡ್ರಿಯಗಳು ಅದನ್ನು ರಭಸದಿಂದ ಉತ್ಕರ್ಷಿಸುತ್ತವೆ. ದಾರಿತಪ್ಪಿದ ಎಲೆಕ್ಟ್ರಾನುಗಳು ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ವಿವರಿಸಿದ ಕಿಣ್ವವೊಂದು ಅದನ್ನು ಹೈಡ್ರೊಜನ್ ಪೆರಾಕ್ಸೈಡಾಗಿ ಮಾರ್ಪಡಿಸುತ್ತದೆ. ಪೆರಾಕ್ಸೈಡನ್ನು ನೀರಾಗಿಸುವ ಕಿಣ್ವಗಳೂ ಉಂಟು. ಆದರೆ ಅವುಗಳಲ್ಲೊಂದಾದ ಕೆಟಲೇಸ್ ಮಿದುಳಿನಲ್ಲಿ ಬಹಳ ಕಡಿಮೆ. ಅಷ್ಟರಲ್ಲಿ ಬಿಡುಗಡೆಯಾದ ಕಬ್ಬಿಣವು ಪೆರಾಕ್ಸೈಡನ್ನು ಸೀಳಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಮಹಾ ಉಗ್ರ ಕಣವು ಹೊರಬೀಳುತ್ತದೆ. ಪೊರೆಯ ಕೊಬ್ಬು ಕಮಟು ಹಿಡಿಯುತ್ತದೆ. ಕೆಟ್ಟ ಅಣು ನೆರೆಯ ಅಣುವನ್ನೂ ಕೆಡಿಸುತ್ತದೆ. ಪೊರೆ ಸೋರಿ ಕೋಶವು ಸಾಯುತ್ತದೆ. ಉತ್ಕರ್ಷಣದ ಒತ್ತಡವೆಂಬುದು ಇದೇ.

ಹಾಗಾದರೆ ಉತ್ಕರ್ಷಣವನ್ನು ತಡೆಯುವ ಔಷಧ ಕೊಟ್ಟರಾಯಿತಲ್ಲವೆ? ಪ್ರಯೋಗಶಾಲೆಯ ಇಲಿಗಳಿಗೆ ಆಯಿತು. ಎನ್‌ಎಕ್ಸ್‌ವೈ-059 ಎಂಬ ಔಷಧವು 2006ರಲ್ಲಿ ಮನುಷ್ಯರಲ್ಲಿಯೂ ಭರವಸೆ ಮೂಡಿಸಿತು. 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೋತಿತು. ಜಪಾನಿನಲ್ಲಿ ಎಡರವೋನ್ ಎಂಬ ಇನ್ನೊಂದು ಔಷಧಕ್ಕೆ 2001ರಲ್ಲಿಯೇ ಒಪ್ಪಿಗೆ ದೊರೆಯಿತು.

ರಕ್ತವು ಮರಳುವುದರಿಂದ ಹಾನಿಯಿದ್ದರೂ, ಮರಳದಿದ್ದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮುನ್ನ ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂಬುದನ್ನು ಸ್ಕ್ಯಾನ್ ಮಾಡಿ ನೋಡಬೇಕು. ಬಂಡೂರಿನಿಂದ ಮಂಡ್ಯಕ್ಕೋ ಮೈಸೂರಿಗೋ ಸಾಗುವ ಹೊತ್ತೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ನಿದ್ದೆಯಲ್ಲಿ ಲಕ್ವ ಹೊಡೆದಿದ್ದರೆ ಎಣಿಕೆಯು ಎದ್ದ ಗಳಿಗೆಯಿಂದಲ್ಲ, ರೋಗಿಯು ನೆಟ್ಟಗಿದ್ದುದನ್ನು ಮನೆಯವರು ಕೊನೆಯ ಬಾರಿ ಕಂಡ ಗಳಿಗೆಯಿಂದ.