ಹಗಲು ನಮ್ಮದು, ರಾತ್ರಿ ಅವುಗಳದು

ಯುವಪಾಠ. ಓದಿಕೊಂಡು ಬರಬೇಕಾದ ವಾಕ್ಯಗಳು: ಕೀರ್ತನೆ 104:19-24, ವಿಮೋಚನಾಕಾಂಡ 23:10-11



104ನೇ ಕೀರ್ತನೆ ನಮಗೆ ಹೊಸದಲ್ಲ. ಪಾಸ್ಖ ಜಾಗರಣೆಯಲ್ಲಿ ಹಾಡುತ್ತೇವೆ, ಪೆಂತೆಕೋಸ್ತ್ ಹಬ್ಬದಂದೂ ಹಾಡುತ್ತೇವೆ. ಆದರೆ ಈ ಎರಡೂ ದಿನ ಪೂಜೆಗೆ ಆಯ್ದುಕೊಂಡ ಚರಣಗಳಲ್ಲಿ 20ರಿಂದ 23ರವರೆಗಿನ ಭಾಗ ಬರುವುದಿಲ್ಲ. ಹಾಗಾಗಿ ಅದು ನಮ್ಮ ಕಿವಿಗೆ ಬೀಳುವುದೇ ಅಪರೂಪ. ಅಲ್ಲಿರುವ ಮಾತು ಇಷ್ಟು: ಕತ್ತಲಾದಾಗ ಕಾಡಿನ ಮೃಗಗಳು ಹೊರಬರುತ್ತವೆ, ಸಿಂಹದ ಮರಿಗಳು ದೇವರಲ್ಲಿ ಆಹಾರ ಕೇಳುತ್ತವೆ, ಸೂರ್ಯ ಹುಟ್ಟಿದಾಗ ತಮ್ಮ ಗವಿಗಳಿಗೆ ಹಿಂತಿರುಗುತ್ತವೆ. ಆಗ ಮನುಷ್ಯ ಕೆಲಸಕ್ಕೆ ಹೊರಟು ಸಂಜೆಯವರೆಗೆ ದುಡಿಯುತ್ತಾನೆ. ಭೂಮಿ ಒಂದೇ, ಪಾಳಿ ಎರಡು.

ಜೀವಶಾಸ್ತ್ರ ಓದಿದವರಿಗೆ ಇದು ಬರೀ ಕವಿತೆಯಾಗಿ ಕಾಣುವುದಿಲ್ಲ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಆರು ಖಂಡಗಳ 62 ಜಾತಿಯ ಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೆಲಸ ಅದು. ಮನುಷ್ಯರ ಓಡಾಟ ಹೆಚ್ಚಿದ ಕಡೆ ಪ್ರಾಣಿಗಳು ರಾತ್ರಿಗೆ ಸರಿಯುತ್ತಿವೆ. ತನ್ನ ಓಡಾಟವನ್ನು ಹಗಲು ರಾತ್ರಿಗೆ ಸಮನಾಗಿ ಹಂಚಿಕೊಂಡಿದ್ದ ಪ್ರಾಣಿ, ಜನರ ಹತ್ತಿರ ಬಂದಾಗ ಅದರ ಶೇ. 68 ಭಾಗವನ್ನು ರಾತ್ರಿಯಲ್ಲೇ ಮುಗಿಸುತ್ತದೆ. ಬೇಟೆಗಾರರ ಭಯಕ್ಕೆ ಮಾತ್ರವಲ್ಲ, ಸುಮ್ಮನೆ ನಡೆದು ಹೋಗುವವರಿಗೂ ಅವು ಹೀಗೇ ಹೆದರಿ ಜಾಗ ಬಿಡುತ್ತವೆ. ಅಂದರೆ ನಮ್ಮೊಡನೆ ಜಗಳ ತಪ್ಪಿಸಲು ಅವು ತಮ್ಮ ಕೈಲಾದ್ದನ್ನು ಮಾಡುತ್ತಿವೆ.

ಆದರೆ ಪಾಳಿಯನ್ನು ನಾವೂ ಮುರಿದಿದ್ದೇವೆ. ಗಡಿಯಾಚೆ ಬೀದರ್ ಕಡೆಯ ನಮ್ಮ ಬಂಧುಗಳನ್ನು ಕೇಳಿ ನೋಡಿ: ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಎದ್ದು ಮೋಟರ್ ಹಾಕಲು ಹೋಗಬೇಕು. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ತಾಸು ಕರೆಂಟ್ ಜಾರಿಗೆ ಬಂದ ಮೇಲೆ ಆ ಒತ್ತಾಯ ತಗ್ಗಿತು. ಹಾವು, ಹಂದಿ ಎದುರಾಗುವ ಹೊತ್ತಿನಲ್ಲಿ ಕೆಸರಲ್ಲಿ ನಿಲ್ಲುವ ರೈತನಿಗೆ ಕರೆಂಟಿನ ವೇಳಾಪಟ್ಟಿಯೂ ಪ್ರಾಣದ ಪ್ರಶ್ನೆ.

ಹಂದಿಯ ಮಾತಿಗೆ ಬರೋಣ, ಏಕೆಂದರೆ ಝರಾಸಂಗಂ, ಜಹೀರಾಬಾದ್ ಸುತ್ತ 'ಕಾಡುಪ್ರಾಣಿ' ಎಂದರೆ ಮೊದಲು ಬಾಯಿಗೆ ಬರುವುದು ಅದೇ. ಕಾಡೇ ಇಲ್ಲದ ಕಡೆ ಕಾಡುಹಂದಿ ಎಲ್ಲಿಂದ ಬಂತು ಎಂದು ಹಿರಿಯರು ಕೇಳುತ್ತಾರೆ. ಕಾಡನ್ನು ನಾವೇ ನೆಟ್ಟಿದ್ದೇವೆ, ಅದರ ಹೆಸರು ಕಬ್ಬು. ವರ್ಷದ ಬಹುಪಾಲು ಎತ್ತರದ ನೆರಳು, ನೀರು, ಜನರ ಸುಳಿವಿಲ್ಲದ ಜಾಗ. ಹಗಲು ಅಲ್ಲಿ ಮಲಗಿ ರಾತ್ರಿ ಪಕ್ಕದ ಜೋಳ, ಶೇಂಗಾ, ಆಲೂಗಡ್ಡೆಗೆ ಇಳಿಯುತ್ತದೆ. ಒಂದು ಸೂಲಿಗೆ ನಾಲ್ಕಾರು ಮರಿ. ಅದನ್ನು ಹಿಡಿಯಬಲ್ಲ ತೋಳ ಕಡಿಮೆಯಾಗಿದೆ. ಅದೇ ಕಬ್ಬಿನಲ್ಲಿ ನರಿಯೂ ಮರಿ ಮಾಡುತ್ತದೆ, ಇಲಿ ತಿಂದು ರೈತನಿಗೆ ಉಪಕಾರವನ್ನೂ ಮಾಡುತ್ತದೆ. ಆದರೆ ಬಲೆ ಉರುಳಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬದುವಿಗೆ ನೇರ ಕರೆಂಟ್ ತಂತಿ ಕಟ್ಟುವವರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ನಷ್ಟ ನಿಜ, ಸಾಲ ನಿಜ, ಸಿಟ್ಟೂ ನ್ಯಾಯವೇ. ಆದರೂ ಆ ತಂತಿ ಐದನೇ ಆಜ್ಞೆಯ ವಿಷಯ. ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು, ಎಮ್ಮೆ ಹುಡುಕಿ ಹೊರಟ ಹುಡುಗ, ಕೆಲವೊಮ್ಮೆ ಕಟ್ಟಿದವನೇ ಅದಕ್ಕೆ ಸಿಕ್ಕಿ ಸಾಯುತ್ತಾನೆ. ಸೌರಶಕ್ತಿಯ ಬೇಲಿ ಬೇರೆ. ಅದು ಕ್ಷಣಮಾತ್ರ ಹೊಡೆದು ಬಿಡುತ್ತದೆ, ಕೊಲ್ಲುವುದಿಲ್ಲ. ನಾಲ್ಕು ಮನೆಯವರು ಕೂಡಿ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಬೆಳೆ, ಕುರಿ ಹೋದರೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿಗೆ ಅವಕಾಶವಿದೆ. ಕಳೇಬರ ಎಳೆದು ಹಾಕುವ ಮುಂಚೆ ಫೋಟೋ ತೆಗೆದು ತಿಳಿಸಬೇಕು. ಅರ್ಜಿ ಬರೆಯಲು ತೆಲುಗು ಬಾರದ ನಮ್ಮ ಹಿರಿಯರಿಗೆ ಯುವಕರು ಜೊತೆ ನಿಲ್ಲಲಿ.

ಚಿಗರಿಯ ಕಥೆ ಹಂದಿಯದಕ್ಕೆ ತಿರುಗುಮುರುಗು. ತೆಲುಗಿನಲ್ಲಿ ಕೃಷ್ಣಜಿಂಕ ಎನ್ನುವ ಈ ಪ್ರಾಣಿ ಬೀದರ್ ಸುತ್ತಲಿನ ಬಯಲಲ್ಲಿದೆ. ದಕ್ಷಿಣಕ್ಕೆ ನಾರಾಯಣಪೇಟ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ ಹಿಂಡುಹಿಂಡಾಗಿ ಹೊಲಕ್ಕಿಳಿದು ರೈತರನ್ನು ಗೋಳಾಡಿಸುತ್ತಿದೆ. ಇದಕ್ಕೆ ಪೊದೆ ಬೇಡ, ಮರ ಬೇಡ; ದೂರದವರೆಗೆ ಕಾಣುವ ಹುಲ್ಲುಬಯಲು ಬೇಕು. ಓಟವೇ ಅದರ ರಕ್ಷಣೆ. ಆ ಬಯಲನ್ನು ನಾವು ಗಾಯರಾಣ, ಪೋರಂಬೋಕು, ಬಂಜರು ಎಂದು ಕರೆದು ಖಾಲಿ ಜಾಗವೆಂದೇ ಭಾವಿಸುತ್ತೇವೆ. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿನ ಬಯಲಿಗೆ ನೀಲಗಿರಿ ನೆಟ್ಟರು. ಹುಲ್ಲು ಹೋಯಿತು, ಎರ್ಲಡ್ಡು ಹಕ್ಕಿ ಕಾಣದಾಯಿತು, ಚಿಗರಿ ಹೊಲಗಳ ಕಡೆ ತಿರುಗಿತು.

ಇದನ್ನು ಹೇಳುವಾಗ ಸ್ವಲ್ಪ ಅಳುಕಿದೆ, ಏಕೆಂದರೆ ಪರಿಸರ ಭಾನುವಾರ ಎಂದರೆ ನಮಗೆ ಸಸಿ ನೆಡುವುದು. ಇಗರ್ಜಿಯ ಆವರಣದಲ್ಲಿ, ಮನೆ ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಧಾರಾಳವಾಗಿ ನೆಡೋಣ. ಊರಾಚೆಯ ಹುಲ್ಲುಬಯಲಲ್ಲಿ ಮಾತ್ರ ಗುಂಡಿ ತೋಡುವುದು ಬೇಡ. ಉಳಿದ ಬಯಲೇ ಕಡಿಮೆ. ನಮ್ಮ ಝರಾಸಂಗಂ, ನ್ಯಾಲ್ಕಲ್ ಮಂಡಲಗಳಲ್ಲೇ ರಾಷ್ಟ್ರೀಯ ಕೈಗಾರಿಕಾ ವಲಯಕ್ಕೆ ಗುರುತಿಸಿದ್ದು ಸುಮಾರು 12,600 ಎಕರೆ. ಉದ್ಯೋಗ ಬೇಡವೆನ್ನುವ ಸ್ಥಿತಿಯಲ್ಲಿ ನಾವಿಲ್ಲ, ಡಿಗ್ರಿ ಮುಗಿಸಿ ಹೈದರಾಬಾದಿಗೆ ಹೋಗುವವರ ಪಟ್ಟಿ ನನ್ನ ಬಳಿಯೇ ಇದೆ. ಆದರೆ ಅಲ್ಲಿಂದ ಎದ್ದ ಹಂದಿ, ನರಿಗಳು ಯಾರ ಹೊಲಕ್ಕೆ ಬರುತ್ತವೆ ಎಂಬ ಲೆಕ್ಕವನ್ನೂ ಯಾರಾದರೂ ಇಡಬೇಕು.

ತೋಳಕ್ಕೆ ಇಗರ್ಜಿಯಲ್ಲಿ ಒಳ್ಳೆಯ ಹೆಸರಿಲ್ಲ. ಯೊವಾನ್ನರ ಶುಭಸಂದೇಶದಲ್ಲಿ ಅದು ಬಂದಾಗ ಕೂಲಿಯಾಳು ಓಡುತ್ತಾನೆ, ಒಳ್ಳೆಯ ಕುರಿಗಾಹಿ ನಿಲ್ಲುತ್ತಾನೆ. ದಖ್ಖನಿನ ನಿಜವಾದ ತೋಳ ಈಗ ದೇಶದಲ್ಲೆಲ್ಲ ಸೇರಿ ಎರಡು ಮೂರು ಸಾವಿರ, ಅಂದರೆ ಹುಲಿಗಿಂತಲೂ ಕಡಿಮೆ ಇರಬಹುದು. ಬೇಟೆಗೆ ಚಿಗರಿ ಸಿಗದ ಕಡೆ ಅದು ಕುರಿಯನ್ನೇ ನಂಬಿದೆ. ಕುರಿಗಾಹಿಗಳಲ್ಲಿ ಕೆಲವರು ಒಂದೆರಡನ್ನು ಅದರ ಪಾಲು ಎಂದು ಬಿಡುವುದುಂಟು. ಅಸಿಸ್ಸಿಯ ಸಂತ ಫ್ರಾನ್ಸಿಸರು ಗುಬ್ಬಿಯೊ ಊರಿನಲ್ಲಿ ಮಾಡಿದ್ದೂ ಇದೇ ರೀತಿಯ ಒಪ್ಪಂದ. ತೋಳ ಕಾಟ ಕೊಡಬಾರದು, ಊರವರು ಅದಕ್ಕೆ ಊಟ ಹಾಕಬೇಕು. ಪವಾಡವೆಂದು ಹೇಳುವಾಗ ಊರವರ ಅರ್ಧ ಜವಾಬ್ದಾರಿಯನ್ನು ನಾವು ಮರೆಯುತ್ತೇವೆ.

ಈಗ ವಿಮೋಚನಾಕಾಂಡ ತೆರೆಯಿರಿ. ಏಳನೇ ವರ್ಷ ಹೊಲವನ್ನು ಉಳದೆ ಬಿಡಬೇಕು. ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಲಿ. ಸರದಿ ಗಮನಿಸಿ: ಮೊದಲು ಬಡವರು, ಆಮೇಲೆ ಮೃಗಗಳು. ಎರಡೆಕರೆ ಹೊಲದವರಿಗೆ ಮೃಗದ ಪಾಲು ಕೊಡು ಎಂದು ಬೋಧಿಸುವ ಮುಂಚೆ ಅವರ ಪಾಲು ಅವರಿಗೆ ಸಿಕ್ಕಿದೆಯೇ ಎಂದು ಕೇಳಬೇಕು. ಪರಿಹಾರದ ಹಣ ಬೇಗ ಸಿಗಲಿ ಎಂದು ಒತ್ತಾಯಿಸುವುದೂ ಹೀಗಾಗಿ ಸೃಷ್ಟಿಯ ಪಾಲನೆಯೇ.

ಮುಂದಿನ ಯುವಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ಮನೆಯ ಒಬ್ಬ ಹಿರಿಯರನ್ನು ಕೇಳಿ ಬರೆದು ತನ್ನಿ: ಅವರ ಬಾಲ್ಯದಲ್ಲಿ ಊರ ಸುತ್ತ ಯಾವ ಪ್ರಾಣಿ ಕಾಣುತ್ತಿತ್ತು, ಎಲ್ಲಿ, ಯಾವ ಹೊತ್ತಿನಲ್ಲಿ? ಈಗ ಕಾಣುವುದು ಯಾವುದು? ಕನ್ನಡದ ಹೆಸರು, ತೆಲುಗಿನ ಹೆಸರು ಎರಡನ್ನೂ ಬರೆಯಿರಿ. ಹೊಲದ ಹೆಸರನ್ನೂ ಮರೆಯಬೇಡಿ, ಗೋಡೆಗೆ ನಕ್ಷೆ ಅಂಟಿಸಿ ಅದರ ಮೇಲೆಯೇ ಗುರುತು ಹಾಕೋಣ.