ಜೀವರಕ್ಷಕರಿಗೆ ಗೌರವ: ಪದಕವೂ ಪೌರಧರ್ಮವೂ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕೀನ್' ಎಂಬ ಹಡಗಿಗೆ ಬೆಂಕಿ ಹತ್ತಿತು. ಹಡಗಿನಲ್ಲಿ ಹತ್ತಿಯೊಡನೆ ಸ್ಫೋಟಕ ಸಾಮಗ್ರಿಯೂ ಇತ್ತು. ಬೆಂಕಿಯನ್ನು ನಂದಿಸುವ ಕಾರ್ಯದಲ್ಲಿ ನಿರತರಾಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸ್ಫೋಟಕ್ಕೆ ಸಿಲುಕಿ ಪ್ರಾಣಾರ್ಪಣೆ ಮಾಡಿದರು. ಅವರ ಸ್ಮರಣಾರ್ಥವಾಗಿ ಪ್ರತಿ ವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವನ್ನಾಗಿ ಆಚರಿಸಲಾಗುತ್ತದೆ. ಹುತಾತ್ಮರನ್ನು ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಇಂದಿಗೂ ಪರರ ಪ್ರಾಣಕ್ಕಾಗಿ ತಮ್ಮ ಪ್ರಾಣವನ್ನು ಪಣವಾಗಿಡುವವರನ್ನು ಗೌರವಿಸುವ ಬಗೆ ಯಾವುದು? ಹೈದರಾಬಾದು ನಗರದ ಇತ್ತೀಚಿನ ಎರಡು ದುರಂತಗಳು ಇದಕ್ಕೆ ಉತ್ತರವನ್ನು ಸೂಚಿಸುತ್ತವೆ.

ಬಜಾರ್‌ಘಾಟ್‌ನ ಏಣಿ

2023ರ ನವೆಂಬರ್ 13ರ ಬೆಳಿಗ್ಗೆ ಹೈದರಾಬಾದಿನ ನಾಂಪಲ್ಲಿಗೆ ಸೇರಿದ ಬಜಾರ್‌ಘಾಟ್‌ನ ವಸತಿ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಲ್ಲಿ ರಾಸಾಯನಿಕಗಳ ಪೀಪಾಯಿಗಳನ್ನು ಸಂಗ್ರಹಿಸಿಡಲಾಗಿತ್ತು. ಜ್ವಾಲೆ ಮತ್ತು ಹೊಗೆ ಮೇಲಿನ ಅಂತಸ್ತುಗಳನ್ನು ಆವರಿಸಿದವು. ಅಗ್ನಿಶಾಮಕ ಸಿಬ್ಬಂದಿ ಕಟ್ಟಡಕ್ಕೆ ಏಣಿಗಳನ್ನು ಚಾಚಿ, ಒಳಗೆ ಸಿಲುಕಿದ್ದ ಹೆಂಗಸರು ಮಕ್ಕಳು ಸೇರಿದಂತೆ ಹಲವರನ್ನು ಕಿಟಕಿಗಳ ಮೂಲಕ ಹೊರತಂದರು. ಆದರೂ ಕನಿಷ್ಠ ಒಂಬತ್ತು ಮಂದಿ ಮೃತಪಟ್ಟರು.

ಇಂತಹ ಅವಘಡಗಳಲ್ಲಿ ಪ್ರಾಣಹಾನಿಗೆ ಜ್ವಾಲೆಗಿಂತ ಹೊಗೆಯೇ ಹೆಚ್ಚಾಗಿ ಕಾರಣವಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತವನ್ನು ಸೇರಿ, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಆದುದರಿಂದ ಕಿಟಕಿಯಿಂದ ಕೆಳಗಿಳಿಸಿದ ಮಾತ್ರಕ್ಕೆ ಜೀವ ಉಳಿಯಿತೆನ್ನಲಾಗದು. ಆಂಬುಲೆನ್ಸ್‌ನ ತುರ್ತು ವೈದ್ಯಕೀಯ ತಂತ್ರಜ್ಞರು ಆ ಕ್ಷಣವೇ ಆಮ್ಲಜನಕ ನೀಡಿ, ಉಸಿರಾಟ ಹಾಗೂ ನಾಡಿಯನ್ನು ಗಮನಿಸುತ್ತ ರೋಗಿಯನ್ನು ಆಸ್ಪತ್ರೆಗೆ ತಲುಪಿಸಬೇಕು. ಏಣಿಯ ಮೇಲಿನ ಕೈ, ಏಣಿಯ ಕೆಳಗಿನ ಕೈ ಎರಡೂ ಸೇರಿದರೆ ಮಾತ್ರ ರಕ್ಷಣೆ ಪೂರ್ಣವಾಗುತ್ತದೆ.

108 ಸಂಖ್ಯೆಯ ಆಂಬುಲೆನ್ಸ್ ಸೇವೆ ಮೊದಲು ಆರಂಭಗೊಂಡುದು ಹೈದರಾಬಾದಿನಲ್ಲಿಯೇ, 2005ರ ಆಗಸ್ಟ್ 15ರಂದು. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಇದು ಜಾರಿಗೆ ಬಂದಿತು.

ರಾಷ್ಟ್ರದ ಮನ್ನಣೆ

ಕರ್ತವ್ಯನಿರತರಾಗಿ ಅಸಾಮಾನ್ಯ ಧೈರ್ಯ ತೋರಿದ ಅಗ್ನಿಶಾಮಕ ಸಿಬ್ಬಂದಿಗೆ ರಾಷ್ಟ್ರಪತಿಯವರ ಶೌರ್ಯ ಪದಕ ಹಾಗೂ ಶೌರ್ಯ ಪದಕಗಳನ್ನು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಗಳ ಸಂದರ್ಭದಲ್ಲಿ ಘೋಷಿಸಲಾಗುತ್ತದೆ. ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ಹಾಗೂ ಪೌರರಕ್ಷಣೆ, ಕಾರಾಗೃಹ ಈ ನಾಲ್ಕು ವಿಭಾಗಗಳಿಗೆ ಪ್ರತ್ಯೇಕವಾಗಿದ್ದ ಪದಕಗಳನ್ನು 2024ರಿಂದ ಒಂದುಗೂಡಿಸಲಾಗಿದೆ.

1961ರಲ್ಲಿ ಸ್ಥಾಪಿತವಾದ ಜೀವನ ರಕ್ಷಾ ಪದಕ ಮಾಲೆಯು ಇದಕ್ಕಿಂತ ಭಿನ್ನವಾದುದು. ಸರ್ವೋತ್ತಮ ಜೀವನ ರಕ್ಷಾ ಪದಕ, ಉತ್ತಮ ಜೀವನ ರಕ್ಷಾ ಪದಕ ಮತ್ತು ಜೀವನ ರಕ್ಷಾ ಪದಕ ಎಂಬ ಮೂರು ದರ್ಜೆಗಳು ಇದರಲ್ಲಿವೆ. ಮುಳುಗುವವರನ್ನು, ಬೆಂಕಿಗೆ ಸಿಲುಕಿದವರನ್ನು ಉಳಿಸಿದ ಯಾವ ನಾಗರಿಕರಿಗಾದರೂ, ಅವರು ಪುರುಷರಾಗಲಿ ಮಹಿಳೆಯರಾಗಲಿ, ಇದು ಸಲ್ಲಬಹುದು. ಅಗ್ನಿಶಾಮಕ ಸಿಬ್ಬಂದಿಗಾದರೋ, ಕರ್ತವ್ಯದ ಹೊರಗೆ ಮಾಡಿದ ಸಾಹಸಕ್ಕೆ ಮಾತ್ರ ಇದು ಅನ್ವಯಿಸುತ್ತದೆ. ಆಂಬುಲೆನ್ಸ್ ಸಿಬ್ಬಂದಿ ಮೇಲೆ ಹೇಳಿದ ನಾಲ್ಕು ವಿಭಾಗಗಳಲ್ಲಿ ಸೇರಿಲ್ಲ. 108 ಸೇವೆಯಲ್ಲಿ ಏಪ್ರಿಲ್ 2ನ್ನು ತುರ್ತು ವೈದ್ಯಕೀಯ ತಂತ್ರಜ್ಞರ ದಿನವೆಂದು ಆಚರಿಸಿ ಅವರನ್ನು ಗೌರವಿಸುವ ರೂಢಿಯಿದೆ. ಸದ್ದಿಲ್ಲದೆ ದುಡಿಯುವ ಈ ವರ್ಗದತ್ತ ಸಮಾಜದ ದೃಷ್ಟಿ ಇನ್ನಷ್ಟು ಹರಿಯಬೇಕಾಗಿದೆ.

ಗುಲ್ಜಾರ್ ಹೌಜ್ ಕಲಿಸಿದ ಪಾಠ

2025ರ ಮೇ 18ರ ಭಾನುವಾರ ಮುಂಜಾನೆ ಚಾರ್‌ಮಿನಾರ್ ಸಮೀಪದ ಗುಲ್ಜಾರ್ ಹೌಜ್‌ನಲ್ಲಿ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿತು. ನೆರೆಯ ಬಳೆ ವ್ಯಾಪಾರಿಗಳು ಬಾಗಿಲನ್ನು ಮುರಿದು ಒಳನುಗ್ಗಲು ಯತ್ನಿಸಿದರು. 11 ವಾಹನಗಳೊಡನೆ ಸುಮಾರು 70 ಅಗ್ನಿಶಾಮಕ ಸಿಬ್ಬಂದಿ ಶ್ರಮಿಸಿದರು. ಆದರೆ ಕಟ್ಟಡಕ್ಕಿದ್ದ ಪ್ರವೇಶದ್ವಾರ ಸುಮಾರು ಎರಡು ಮೀಟರ್ ಅಗಲದ್ದು, ಮೆಟ್ಟಿಲು ಒಂದು ಮೀಟರ್ ಅಗಲದ್ದು. ಎಂಟು ಮಕ್ಕಳೂ ಸೇರಿ 17 ಮಂದಿ ಅಸುನೀಗಿದರು. ಅಂದು ಧೈರ್ಯಕ್ಕೆ ಕೊರತೆಯಿರಲಿಲ್ಲ, ದಾರಿಗೆ ಕೊರತೆಯಿತ್ತು.

ಶೌರ್ಯಕ್ಕೆ ಪದಕ ನೀಡುವುದು ಸರ್ಕಾರದ ಕೆಲಸ. ಆ ಶೌರ್ಯವು ವ್ಯರ್ಥವಾಗದಂತೆ ನೋಡಿಕೊಳ್ಳುವುದು ನಾಗರಿಕರ ಕೆಲಸ. ಈ ದಿಸೆಯಲ್ಲಿ ಪ್ರತಿಯೊಬ್ಬರೂ ಗಮನದಲ್ಲಿಡಬೇಕಾದ ಅಂಶಗಳು ಹೀಗಿವೆ:

1. ಮನೆ, ಅಂಗಡಿ, ಕಚೇರಿಗಳ ಮೆಟ್ಟಿಲಿನ ಮೇಲೆ ಸಾಮಾನು ಇಡಬಾರದು. ತುರ್ತು ನಿರ್ಗಮನ ದ್ವಾರಕ್ಕೆ ಬೀಗ ಹಾಕಬಾರದು.

2. ಜನವಸತಿಯ ಕಟ್ಟಡಗಳಲ್ಲಿ ಬೇಗನೆ ಹೊತ್ತಿಕೊಳ್ಳುವ ವಸ್ತುಗಳನ್ನು ಸಂಗ್ರಹಿಸಿಡಬಾರದು.

3. ಅಗ್ನಿಶಾಮಕ ವಾಹನ ಹಾಗೂ ಆಂಬುಲೆನ್ಸ್‌ಗಳಿಗೆ ದಾರಿ ಬಿಡಬೇಕು. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯಿದೆಯ 194ಇ ಪ್ರಕರಣದ ಅನ್ವಯ ಹತ್ತು ಸಾವಿರ ರೂಪಾಯಿ ದಂಡ ವಿಧಿಸಬಹುದು.

4. ಅಗ್ನಿಶಾಮಕ ಸೇವೆಗೆ 101, ಆಂಬುಲೆನ್ಸ್‌ಗೆ 108, ಯಾವುದೇ ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬೇಕು. ಸ್ಥಳದ ಗುರುತನ್ನೂ ಸಿಲುಕಿದವರ ಸಂಖ್ಯೆಯನ್ನೂ ಸ್ಪಷ್ಟವಾಗಿ ತಿಳಿಸಬೇಕು.

5. ಹೊಗೆ ತುಂಬಿದಾಗ ಲಿಫ್ಟ್ ಬಳಸದೆ, ನೆಲಕ್ಕೆ ಬಾಗಿ ಹೊರಬರಬೇಕು. ಒಮ್ಮೆ ಹೊರಬಂದವರು ವಸ್ತುಗಳಿಗಾಗಿ ಮರಳಿ ಒಳಹೋಗಬಾರದು.

ಜೀವ ಉಳಿಸಿದವರ ಕೊರಳಿಗೆ ಹಾರ ಹಾಕುವ ಅವಕಾಶ ಎಲ್ಲರಿಗೂ ದೊರೆಯಲಾರದು. ಆದರೆ ಅವರು ಬರುವ ದಾರಿಯನ್ನು ತೆರವಾಗಿಡುವುದು ಎಲ್ಲರಿಗೂ ಸಾಧ್ಯ. ಅದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.