ಹತ್ತಿಯ ಧೂಳೂ ನಮ್ಮ ಪುಪ್ಪುಸಗಳೂ

ಇಚಲಕರಂಜಿಗೆ 1904ರಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಇಂದು ನಮ್ಮಲ್ಲಿ ಅನೇಕರ ಮನೆಯ ಅನ್ನ ಮಗ್ಗದ್ದೇ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಕೆಲವರಿಗೆ ಎದೆ ಬಿಗಿಯುತ್ತದೆ. ಇದು ಬಿಸ್ಸಿನೋಸಿಸ್ ಎಂಬ ರೋಗದ ಗುರುತು. ನೂಲಿನ ಗಿರಣಿಗಳಲ್ಲಿ ಹೆಚ್ಚು.

ಹತ್ತಿಧೂಳಿನೊಡನೆ ಬ್ಯಾಕ್ಟೀರಿಯಾಗಳ ವಿಷವೂ ಒಳಸೇರುತ್ತದೆ. ಆಗ ಪುಪ್ಪುಸದ ಕಾವಲು ಜೀವಕೋಶಗಳು ಕೀಮೋಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ಸ್ರವಿಸುತ್ತವೆ. ನಮ್ಮ ಕೊಲ್ಲಾಪುರದ ಬೆಲ್ಲಕ್ಕೆ ಇರುವೆ ಬರುವಂತೆ ಬಿಳಿ ರಕ್ತಕಣಗಳು ಆ ಜಾಡು ಹಿಡಿದು ಬರುತ್ತವೆ. ರೋಗಾಣು ಹೊಕ್ಕಾಗ ಈ ಕರೆಯೇ ನಮ್ಮನ್ನು ಉಳಿಸುವುದು. ಆದರೆ ಧೂಳು ದಿನವೂ ಬಂದರೆ ಕರೆಯೂ ನಿಲ್ಲದು. ಶ್ವಾಸನಾಳಗಳು ಬಾತು ಕಿರಿದಾಗುತ್ತವೆ. ಬೀಡಿ ಸೇದುವವರಿಗೆ ಇನ್ನೂ ಕಷ್ಟ.

ಎರಡು ವಾರಕ್ಕೂ ಕೆಮ್ಮು ನಿಲ್ಲದಿದ್ದರೆ ಧೂಳಿನದೇ ಎಂದು ಸುಮ್ಮನಿರಬಾರದು, ಕ್ಷಯವೂ ಇರಬಹುದು. ಸರಕಾರಿ ದವಾಖಾನೆಯಲ್ಲಿ ಕಫದ ಪರೀಕ್ಷೆ ಉಚಿತ.